ಕೊನೆ ಎಲೆ ಮುಚ್ಚಿಟ್ಟು ನೋಡಿ

ಹಾಸನದಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಾ ನನಗೆ 19 ವರ್ಷ ಆಯಿತು. ಸಂಭವನೀಯತೆಯ ಪಾಠ ಬಂದಾಗ ಕ್ಲಾಸಿಗೆ ಇಸ್ಪೀಟ್ ಕಟ್ಟು ತೆಗೆದುಕೊಂಡು ಹೋಗುತ್ತೇನೆ. ಹಾಗಾಗಿ ಪೋಕರ್ ಅನ್ನುವ ಇಸ್ಪೀಟಾಟ ಆಡುವ ಹುಡುಗರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಎಲ್ಲರದ್ದೂ ಒಂದೇ ಗೋಳು: "ಮೇಡಂ, ಒಂದು ವಾರ ಚೆನ್ನಾಗಿ ಆಡ್ತೀನಿ, ಮುಂದಿನ ವಾರ ಎಲ್ಲಾ ಕಳ್ಕೋತೀನಿ. ಯಾಕೆ ಹೀಗೆ?"

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದವೂ ಅದರಲ್ಲಿ ಇಲ್ಲ. ಎರಡು ರೂಪಾಯಿ, ಐದು ರೂಪಾಯಿಯ ಸಣ್ಣ ಟೇಬಲ್ಲೂ ಅದರೊಳಗೇ ಬಂತು. ಈಗ ನನ್ನ ಹತ್ತಿರ ಬರುವವರು ಆಡುವುದು ಬಿಟ್ಟಿ ಚಿಪ್ಸ್‌ನಲ್ಲಿ, ಅಂದರೆ ದುಡ್ಡಿನ ಬದಲು ಆಪ್ ಪುಕ್ಕಟೆ ಕೊಡುವ ಬಿಲ್ಲೆಗಳಲ್ಲಿ ಮಾತ್ರ. ಬಿಟ್ಟಿ ಚಿಪ್ಸ್‌ನಲ್ಲಿ ಏನು ಕಲಿಯೋದು ಅಂತ ಕೆಲವರು ಕೇಳುತ್ತಾರೆ. ಲೆಕ್ಕ ಅದೇ, ಸೋತಾಗ ತಲೆ ಬಿಸಿಯಾಗುವುದೂ ಅದೇ. ಕಲಿಯೋಕೆ ಅಷ್ಟು ಸಾಕು.

ಬೇಲೂರು ಕಡೆಯ ಒಬ್ಬ ಹುಡುಗ ತಾನು ಆಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದ. ಅದರಲ್ಲಿ ಎರಡು ಕೈ, ಅಂದರೆ ಎರಡು ಸುತ್ತಿನ ಆಟ, ನನ್ನ ಕಣ್ಣಿಗೆ ಬಿದ್ದವು.

ಮೊದಲನೆಯದರಲ್ಲಿ ಅವನಿಗೆ ಬಂದದ್ದು ಆಟೀನು ಎಂಟು, ಆಟೀನು ಆರು. ಟೇಬಲ್ ಮೇಲೆ ಎಲ್ಲರಿಗೂ ಸೇರಿದ ನಾಲ್ಕು ಎಲೆ, ಅದರಲ್ಲಿ ಎರಡು ಆಟೀನು. ಇನ್ನೊಂದೇ ಎಲೆ ಬೀಳುವುದು ಬಾಕಿ. ಅದು ಆಟೀನು ಆದರೆ ಫ್ಲಶ್, ಅಂದರೆ ಐದೂ ಒಂದೇ ಜಾತಿಯ ಎಲೆ; ಅಲ್ಲದಿದ್ದರೆ ಏನೂ ಇಲ್ಲ. ಪಾಟ್‌ನಲ್ಲಿ, ಅಂದರೆ ಗೆದ್ದವನಿಗೆ ಸಿಗುವ ರಾಶಿಯಲ್ಲಿ, 120 ಚಿಪ್ಸ್ ಇತ್ತು. ಎದುರಾಳಿ ತನ್ನಲ್ಲಿ ಉಳಿದಿದ್ದ 60 ಚಿಪ್ಸನ್ನೂ ಇಟ್ಟುಬಿಟ್ಟ. ಇವನು ತಾನೂ ಅಷ್ಟೇ, 60 ಹಾಕಿ ಕಾಲ್ ಮಾಡಿದ. ಕೊನೆ ಎಲೆ ಆಟೀನು ಮೂರು. ಗೆದ್ದ. ಪಕ್ಕದಲ್ಲಿ "ಸೂಪರ್ ಕಾಲ್" ಎಂದು ಬರೆದುಕೊಂಡಿದ್ದ.

ಎರಡು ದಿನ ಬಿಟ್ಟು ಹೆಚ್ಚುಕಮ್ಮಿ ಅಂಥದ್ದೇ ಕೈ ಬಂದಿದೆ. ಈ ಸಲ ಫೋಲ್ಡ್ ಮಾಡಿದ, ಅಂದರೆ ಚಿಪ್ಸ್ ಹಾಕದೆ ಆ ಕೈ ಬಿಟ್ಟುಬಿಟ್ಟ. ಫೋಲ್ಡ್ ಮಾಡಿದ ಮೇಲೂ ಕೊನೆ ಎಲೆ ಯಾವುದಿತ್ತು ಅಂತ ತೋರಿಸುವ ಬಟನ್ ಆ ಆಪ್‌ನಲ್ಲಿದೆ. ಒತ್ತಿ ನೋಡಿದ. ಆಟೀನು. ಪಕ್ಕದಲ್ಲಿ "ದಡ್ಡ" ಎಂದು ಬರೆದುಕೊಂಡಿದ್ದ, ಕೆಳಗೆ ಎರಡು ಗೆರೆ.

ಲೆಕ್ಕ ಹಾಕೋಣ ಬಾ ಅಂತ ಕೂರಿಸಿಕೊಂಡೆ. 52 ಎಲೆಯಲ್ಲಿ ಅವನಿಗೆ ಕಂಡಿರುವುದು ಆರು. ಉಳಿದದ್ದು 46. ಅದರಲ್ಲಿ ಆಟೀನು 9. ಇದೇ ಕೈ 46 ಸಲ ಬಂತು ಅಂದುಕೊಳ್ಳಿ. ಸರಾಸರಿ 9 ಸಲ 180 ಚಿಪ್ಸ್ (ಪಾಟ್‌ನ 120, ಎದುರಾಳಿಯ 60) ಸಿಗುತ್ತದೆ, ಒಟ್ಟು 1,620. ಉಳಿದ 37 ಸಲ 60 ಚಿಪ್ಸ್ ಹೋಗುತ್ತದೆ, ಒಟ್ಟು 2,220. ಕಾಲ್ ಮಾಡಿದರೆ 600 ಚಿಪ್ಸ್ ನಷ್ಟ. ಅಂದರೆ "ಸೂಪರ್" ಅಂದದ್ದು ತಪ್ಪು, "ದಡ್ಡ" ಅಂದದ್ದು ಸರಿಯಾದ ಆಟ! ಎದುರಾಳಿ 60ರ ಬದಲು 20 ಮಾತ್ರ ಇಟ್ಟಿದ್ದರೆ ಲೆಕ್ಕವೇ ತಿರುಗುತ್ತಿತ್ತು. 9 ಸಲ 140, ಅಂದರೆ 1,260. ಹೋಗುವುದು 740 ಅಷ್ಟೇ. ಆಗ ಫೋಲ್ಡ್ ಮಾಡುವುದೇ ತಪ್ಪು.

ಅವನ ಏರುಪೇರಿನ ಬೇರು ಇಲ್ಲಿತ್ತು. ತಪ್ಪು ಆಡಿ ಗೆದ್ದಾಗ ಅದನ್ನೇ ಕಲಿಯುತ್ತಿದ್ದ, ಸರಿ ಆಡಿ ಎಲೆ ಕೈಕೊಟ್ಟಾಗ ಅದನ್ನು ಬಿಡುತ್ತಿದ್ದ. ನಮ್ಮ ಜಿಲ್ಲೆಯ ಆಲೂಗಡ್ಡೆ ಬೆಳೆಗಾರರು ಹೀಗೆ ಮಾಡಲ್ಲ. ಒಂದು ವರ್ಷ ಔಷಧಿ ಹೊಡೆಯದಿದ್ದರೂ ಅಂಗಮಾರಿ ಬರಲಿಲ್ಲ ಅಂದರೆ, ಅದು ಜಿಟಿಜಿಟಿ ಮಳೆ ಹಿಡಿಯದ ಪುಣ್ಯ ಅಂತ ಅವರಿಗೆ ಗೊತ್ತು. ಮುಂದಿನ ವರ್ಷ ಮೋಡ ಮುಸುಕಿದರೆ ಮತ್ತೆ ಔಷಧಿ ಹೊಡೆಯುತ್ತಾರೆ.

ಅದಕ್ಕೇ ನಾನು ಕೈಗಳನ್ನು ನೋಡುವಾಗ ಕೊನೆ ಸಾಲಿನ ಮೇಲೆ ಒಂದು ಕಾಗದ ಮುಚ್ಚಿಟ್ಟು ನೋಡುತ್ತೇನೆ. ಗೆದ್ದನೋ ಸೋತನೋ ನನಗೂ ಗೊತ್ತಾಗಬಾರದು. ನೀವೂ ಹಾಗೇ ಮಾಡಿ. ವಾರಕ್ಕೆ ಐದು ಕೈ ಸಾಕು. ಪಾಟ್ ಎಷ್ಟಿತ್ತು, ಎಷ್ಟು ಹಾಕಬೇಕಿತ್ತು, ನನಗೆ ಬೇಕಾದ ಎಲೆ ಎಷ್ಟು ಬಾಕಿ, ಇಷ್ಟು ಬರೆದು ನಿಲ್ಲಿಸಿ.

ಏರುಪೇರಿನಲ್ಲಿ ಒಂದು ಪಾಲು ಬರೀ ಅದೃಷ್ಟ, ಅದನ್ನು ಯಾರೂ ತೆಗೆಯೋಕಾಗಲ್ಲ. ಎರಡು ಎಕ್ಕ ಹಿಡಿದು ಎರಡು ರಾಜದ ಎದುರು ಎಲ್ಲಾ ಚಿಪ್ಸ್ ಇಟ್ಟರೂ 100ಕ್ಕೆ ಸುಮಾರು 18 ಸಲ ಸೋಲುತ್ತೀರಿ. ಒಂದು ಸಾವಿರ ಕೈಯ ಫಲಿತಾಂಶ ನೋಡಿ ನಾನು ಯಾರನ್ನೂ ಒಳ್ಳೆ ಆಟಗಾರ ಅಂತಾಗಲಿ, ಕೆಟ್ಟ ಆಟಗಾರ ಅಂತಾಗಲಿ ಹೇಳಲ್ಲ.

ಆದರೆ ಇನ್ನೊಂದು ಪಾಲು ನಮ್ಮ ಕೈಯಲ್ಲೇ ಇದೆ. ಅದು ಗಡಿಯಾರದ್ದು. ಅದೇ ನೋಟ್‌ಬುಕ್ಕಿನಲ್ಲಿ ರಾತ್ರಿ ಹತ್ತೂವರೆಯವರೆಗೆ ಅವನು ನೂರಕ್ಕೆ ಇಪ್ಪತ್ತು–ಇಪ್ಪತ್ತೆರಡು ಕೈ ಆಡುತ್ತಿದ್ದ, ಉಳಿದದ್ದನ್ನು ಮೊದಲೇ ಬಿಡುತ್ತಿದ್ದ. ಹನ್ನೊಂದೂವರೆ ದಾಟಿದ ಮೇಲೆ ನಲವತ್ತೈದು! ಗೆದ್ದ ದಿನ ಬೇಗ ಎದ್ದುಹೋಗುತ್ತಿದ್ದ. ಸೋತ ದಿನ, ಹೋದದ್ದನ್ನು ವಾಪಸ್ ತರ್ತೀನಿ ಅಂತ ರಾತ್ರಿ ಒಂದು ಗಂಟೆಯವರೆಗೂ ಕೂರುತ್ತಿದ್ದ. ಲೆಕ್ಕ ನೋಡಿ: ತಲೆ ನೆಟ್ಟಗಿದ್ದಾಗ ಕಮ್ಮಿ ಹೊತ್ತು, ತಲೆ ಕೆಟ್ಟಾಗ ಜಾಸ್ತಿ ಹೊತ್ತು. ಇದರಲ್ಲಿ ಯಾರು ತಾನೇ ಉದ್ಧಾರ ಆಗ್ತಾರೆ? ಹೊಸ ತಂತ್ರ ಕಲಿಸುವ ಮೊದಲು ನಾನು ಅವನಿಗೆ ಅಲಾರಂ ಇಡೋಕೆ ಹೇಳಿದೆ. ಒಂದೂವರೆ ಗಂಟೆ, ಒಂದೇ ಟೇಬಲ್. ಅಲಾರಂ ಹೊಡೆದರೆ ಗೆಲ್ಲುತ್ತಿದ್ದರೂ ಏಳಬೇಕು, ಸೋಲುತ್ತಿದ್ದರೂ ಏಳಬೇಕು.

ಅಲಾರಂ ಹೊಡೆದರೂ ಏಳೋಕೇ ಆಗಲ್ಲ, ಹಿಂದೆ ಕಳೆದುಕೊಂಡ ದುಡ್ಡು ತೆಗೆಯೋಕೆ ಕಳ್ಳ ಆಪ್ ಹುಡುಕುತ್ತಿದ್ದೀನಿ ಅನ್ನುವವರೂ ನನ್ನ ಹತ್ತಿರ ಬಂದಿದ್ದಾರೆ. ಅವರಿಗೆ ನಾನು ಲೆಕ್ಕ ಹೇಳಿಕೊಡಲ್ಲ. ದಯವಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕಳೆದ ತಿಂಗಳು ಆ ಹುಡುಗ ಮತ್ತೆ ನೋಟ್‌ಬುಕ್ ತಂದಿದ್ದ. ಮತ್ತೊಂದು ಆಟೀನು ಕೈ, ಪಾಟ್‌ನಲ್ಲಿ 200, ಹಾಕಬೇಕಾದದ್ದು 90. ಫೋಲ್ಡ್. "ಕೊನೆ ಎಲೆ ಯಾವುದಿತ್ತೋ?" ಎಂದೆ, ಸುಮ್ನೆ ಪರೀಕ್ಷೆ ಮಾಡೋಣ ಅಂತ.

"ಬಟನ್ ಒತ್ತಲಿಲ್ಲ ಮೇಡಂ" ಎಂದ.