ಗಾಗಾ ಹಚ್ಚೆಯೇ ಬೇಕು ಅಂತ ಬರುವವರಿಗೆ

ಫೋನ್‌ನಲ್ಲಿ ಅಮೆರಿಕದ ಗಾಯಕಿ ಲೇಡಿ ಗಾಗಾ ಅವರ ಫೋಟೋ ತೆಗೆದು, ಜೂಮ್ ಮಾಡಿ, 'ಇದೇ ಬೇಕು, ಇಲ್ಲೇ ಬೇಕು' ಅಂತ ಕೇಳುವವರು ನನ್ನ ಹತ್ತಿರ ಆಗಾಗ ಬರುತ್ತಾರೆ. ಬೆಂಗಳೂರಿನಲ್ಲಿ ಹಚ್ಚೆ ಹಾಕುವುದೇ ನನ್ನ ಕೆಲಸ. ಕೇಳಿದ್ದನ್ನು ಹಾಕಿಕೊಡುವುದು ಕಷ್ಟವೇನಲ್ಲ. ಸ್ಟೆನ್ಸಿಲ್, ಅಂದರೆ ಚರ್ಮಕ್ಕೆ ಅಚ್ಚೊತ್ತುವ ನಕಲು ಹಾಳೆ, ತೆಗೆದು ಕೂತರೆ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಆದರೂ ನಾನು ಮಷಿನ್ ಮುಟ್ಟುವ ಮುಂಚೆ ಅವರನ್ನು ಕೂರಿಸಿ ಆ ಹಚ್ಚೆಯ ಹಿಂದಿನ ಕಥೆ ಹೇಳುತ್ತೇನೆ. ಗಾಗಾ ಅವರ ಮೈಮೇಲೆ ಇರುವುದರಲ್ಲಿ ಚಿತ್ರದ್ದು ಸಣ್ಣ ಪಾಲು. ಅದು ಯಾವ ಜಾಗದಲ್ಲಿದೆ, ಯಾವ ಹೊತ್ತಿನಲ್ಲಿ ಬಂತು, ಯಾರು ಬರೆದ ಗೆರೆ ಅನ್ನುವುದರಲ್ಲೇ ಅದರ ಜೀವ ಇದೆ. ಫೋಟೋ ನೋಡಿ ಕಾಪಿ ಮಾಡಿದರೆ ಅದ್ಯಾವುದೂ ನಿಮ್ಮ ಮೈಗೆ ಬರುವುದಿಲ್ಲ.

ಮೊದಲು ಜಾಗದ ವಿಷಯ. ಅವರ ಹಚ್ಚೆಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಎಡಗಡೆಯೇ ಇವೆ. ಎಡಗೈ, ಎಡ ಭುಜ, ಎಡ ಪಕ್ಕೆ, ಎಡ ತೊಡೆ. ಸುಮ್ನೆ ಆದದ್ದಲ್ಲ ಇದು. ಒಂದು ಕಡೆಯಾದರೂ ಸ್ವಲ್ಪ ಮಾಮೂಲಿಯಾಗಿರಲಿ ಅಂತ ಅಪ್ಪ ಜೋ ಜರ್ಮನೊಟ್ಟಾ ಮಗಳನ್ನು ಕೇಳಿಕೊಂಡಿದ್ದರಂತೆ. ಮಗಳು ಒಪ್ಪಿದರು. ಬಲಗಡೆ ಹಾಲಿವುಡ್ ನಟಿ ಮರ್ಲಿನ್ ಮನ್ರೋ, ಎಡಗಡೆ ರಾಕ್ ಗಾಯಕ ಇಗ್ಗಿ ಪಾಪ್ ಅಂತ ಗಾಗಾ ಅವರೇ ಹೇಳಿದ್ದಾರೆ. ನನಗೆ ಇದು ತುಂಬ ಇಷ್ಟವಾದ ವಿಷಯ. ಜಗತ್ತೇ ತಿರುಗಿ ನೋಡುವ ಹಾಗೆ ಬಟ್ಟೆ ಹಾಕಿಕೊಂಡು ವೇದಿಕೆ ಹತ್ತುವ ಹೆಂಗಸು, ಅಪ್ಪನ ಒಂದು ಮಾತಿಗೋಸ್ಕರ ಅರ್ಧ ಮೈಯನ್ನು ಬಿಟ್ಟುಕೊಟ್ಟಿದ್ದಾರೆ. ಖಾಲಿ ಬಿಟ್ಟ ಆ ಚರ್ಮಕ್ಕೂ ಅರ್ಥ ಇದೆ ಅಲ್ವಾ? ಫೋಟೋದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮಲ್ಲೂ ಈ ಮಾತುಕತೆ ಮನೆಮನೆಯಲ್ಲಿ ನಡೆಯುತ್ತದೆ. ತೋಳಿನ ಮೇಲೆ ಹಾಕಿಸ್ಕೋ, ಮುಂಗೈ ಬೇಡ ಅಂತ ಅಮ್ಮ ಹೇಳಿರುತ್ತಾರೆ. ರವಿಕೆ ತೋಳು ಎಲ್ಲಿವರೆಗೆ ಬರುತ್ತದೆ ಅಂತ ಅಳತೆ ನೋಡಿಕೊಂಡೇ ಬರುವ ಹುಡುಗಿಯರಿದ್ದಾರೆ. ಇದನ್ನು ಹೇಳಿಕೊಳ್ಳೋಕೆ ಅವರಿಗೆ ಮುಜುಗರ. ಮುಜುಗರ ಪಡಬೇಡಿ. ಮನೆಯವರ ಮಾತಿಗೆ ಎಲ್ಲಿವರೆಗೆ ಬಗ್ಗುತ್ತೀರಿ, ಎಲ್ಲಿ ಬಗ್ಗುವುದಿಲ್ಲ ಅನ್ನುವುದು ನಿಮ್ಮ ಹಚ್ಚೆಯ ಒಂದು ಭಾಗವೇ. ಅದನ್ನು ನನಗೆ ಹೇಳಿದರೆ ಜಾಗ ಹುಡುಕುವುದು ಸುಲಭವಾಗುತ್ತದೆ. ಗಾಗಾ ಅವರ ಅಪ್ಪನಿಗೆ 2009ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಅದೇ ಅಪ್ಪನಿಗಾಗಿ ಅವರ ಎಡ ಭುಜದ ಮೇಲೆ ಒಂದು ಹೃದಯ ಇದೆ, ಅದರೊಳಗೆ 'ಡ್ಯಾಡ್' ಅಂತ ಬರೆದಿದೆ. ತೀರಾ ಹಳೇ ಕಾಲದ ಡಿಸೈನ್ ಅದು. ಯಾರದೋ ಮೈಮೇಲೆ ನೋಡಿದ್ದರೆ ನಾನು ಎರಡನೇ ಸಲ ತಿರುಗಿ ನೋಡುತ್ತಿರಲಿಲ್ಲ.

ಹೆಚ್ಚು ಜನ ಕಾಪಿ ಕೇಳುವುದು ಎಡತೋಳಿನ ಒಳಮಗ್ಗುಲಲ್ಲಿರುವ ಜರ್ಮನ್ ಸಾಲುಗಳನ್ನು. 2009ರಲ್ಲಿ ಜಪಾನಿನ ಒಸಾಕಾದಲ್ಲಿ ಹಾಕಿಸಿಕೊಂಡದ್ದು. ಕವಿ ರಿಲ್ಕೆ ಒಬ್ಬ ತರುಣ ಕವಿಗೆ ಬರೆದ ಕಾಗದದ ಮಾತು ಅದು: ರಾತ್ರಿಯ ಸದ್ದಡಗಿದ ಹೊತ್ತಿನಲ್ಲಿ ನಿನ್ನನ್ನೇ ಕೇಳಿಕೋ, ಬರೆಯದೆ ಇರಲು ನಿನ್ನಿಂದ ಆಗುತ್ತದಾ ಅಂತ. ಹಾಡು ಬರೆಯುವವರು ಈ ಸಾಲನ್ನು ತೋಳಿಗೆ ಹಾಕಿಸಿಕೊಂಡದ್ದು ಯಾಕೆ ಅಂತ ವಿವರಿಸಬೇಕಾಗಿಲ್ಲ. ಆದರೆ ಆ ಸಾಲುಗಳ ಜೊತೆ ಒಂದು ತಾರೀಖೂ ಇದೆ. 1974ರ ಡಿಸೆಂಬರ್ 18. ಅವತ್ತು ಗಾಗಾ ಅವರ ಸೋದರತ್ತೆ ಜೋಆನ್ ತೀರಿಹೋದರು. ಲೂಪಸ್ ಅನ್ನುವ ಕಾಯಿಲೆ, ವಯಸ್ಸು ಬರೀ 19. ಗಾಗಾ ಹುಟ್ಟಿದ್ದು 1986ರಲ್ಲಿ. ಅಂದರೆ ಅತ್ತೆಯನ್ನು ಅವರು ಕಣ್ಣಾರೆ ನೋಡಿಯೇ ಇಲ್ಲ. ಆದರೆ ಆ ಹೆಸರು ಮನೆಯಿಂದ ಹೋಗಲಿಲ್ಲ. ಸ್ಟೆಫನಿ ಜೋಆನ್ ಏಂಜಲೀನಾ ಜರ್ಮನೊಟ್ಟಾ ಅನ್ನುವುದು ಗಾಗಾ ಅವರ ನಿಜವಾದ ಹೆಸರು. ಅಪ್ಪ ಅಮ್ಮ ನ್ಯೂಯಾರ್ಕಿನಲ್ಲಿ ತೆರೆದ ಹೋಟೆಲಿಗೂ ಜೋಆನ್ ಹೆಸರೇ ಇಟ್ಟರು. 2016ರಲ್ಲಿ ಬಂದ ಆಲ್ಬಮ್ಮಿಗೂ ಅದೇ ಹೆಸರು.

ಆ ತಾರೀಖನ್ನೂ ಸೇರಿಸಿ ಇದ್ದ ಹಾಗೇ ಹಾಕಿಬಿಡಿ ಅಂದವರೂ ಇದ್ದಾರೆ. ಅದು ಅಲಂಕಾರಕ್ಕೆ ಹಾಕಿದ ಅಂಕಿ ಅಂದುಕೊಂಡಿರುತ್ತಾರೆ. ಒಬ್ಬ ಹುಡುಗಿ ಸತ್ತ ದಿನ ಅದು, ಅವಳನ್ನು ಕಳಕೊಂಡ ಮನೆಯವರು ಇನ್ನೂ ಇದ್ದಾರೆ ಅಂದಾಗ ಮಾತು ನಿಲ್ಲುತ್ತದೆ. ಆಮೇಲೆ ನಾನು ಕೇಳುವುದು ಒಂದೇ: ನಿಮ್ಮ ಮನೆಯಲ್ಲಿ ಅಂಥ ತಾರೀಖು ಯಾವುದು? ಹೆಚ್ಚಿನವರ ಹತ್ತಿರ ಉತ್ತರ ಇರುತ್ತದೆ. ಕೆಲವರಿಗೆ ಅಲ್ಲೇ ಕಣ್ಣು ತುಂಬಿಕೊಳ್ಳುತ್ತದೆ. ಆಗ ಫೋನ್ ಪಕ್ಕಕ್ಕಿಟ್ಟು ನಿಜವಾದ ಮಾತು ಶುರುವಾಗುತ್ತದೆ.

ಬರಹದ ಹಚ್ಚೆ ಅಂದಮೇಲೆ ಚರ್ಮದ ವಿಷಯ ಹೇಳಲೇಬೇಕು. ಚರ್ಮದ ಮೇಲ್ಪದರ ಉದುರಿ ಉದುರಿ ಹೊಸದಾಗುತ್ತಲೇ ಇರುತ್ತದೆ, ಅಲ್ಲಿ ಇಂಕು ಬಿಟ್ಟರೆ ನಿಲ್ಲುವುದಿಲ್ಲ. ಅದಕ್ಕೇ ಅದರ ಕೆಳಗಿನ ಪದರಕ್ಕೆ, ಒಂದೆರಡು ಮಿಲಿಮೀಟರ್ ಆಳಕ್ಕೆ ಬಿಡುತ್ತೇವೆ. ಮೈಗೆ ಅದು ಹೊರಗಿನ ವಸ್ತು. ರೋಗ ತಡೆಯುವ ಜೀವಕೋಶಗಳು ಬಂದು ಇಂಕನ್ನು ನುಂಗಿ ಅಲ್ಲೇ ಕೂತುಬಿಡುತ್ತವೆ, ನಮಗೆ ಹೊರಗಿಂದ ಕಾಣುವ ಹಚ್ಚೆ ಅಂದರೆ ಹೆಚ್ಚಾಗಿ ಅದೇ. ವರ್ಷಗಳು ಹೋದ ಹಾಗೆ ಗೆರೆ ಅಗಲವಾಗುತ್ತದೆ, ತೆಳು ಹಾಳೆಯಲ್ಲಿ ಇಂಕ್‌ಪೆನ್ನಿನ ಅಕ್ಷರ ಹರಡಿದ ಹಾಗೆ. ಕನ್ನಡ ಅಕ್ಷರಕ್ಕೆ ಇದರ ಪೆಟ್ಟು ಜಾಸ್ತಿ. ನಮ್ಮ ಅಕ್ಷರಗಳ ತುಂಬ ಸುರುಳಿಗಳೇ, ಕೆಳಗೆ ಒತ್ತು ಬೇರೆ. 'ಅಮ್ಮ' ಅಂತ ಸಣ್ಣದಾಗಿ ಮಣಿಕಟ್ಟಿಗೆ ಹಾಕಿದರೆ ಕೆಲವು ವರ್ಷದಲ್ಲಿ ಮೊದಲು ಮುಚ್ಚಿಕೊಳ್ಳುವುದು ಆ ಮ ಒತ್ತಿನ ಒಳಗಿನ ಖಾಲಿ ಜಾಗ. ಷ ಅಕ್ಷರದ ಒಳಗಿನ ಅಡ್ಡಗೆರೆ ಪಕ್ಕದ ಗೆರೆಗೆ ಸೇರಿಕೊಂಡರೆ ಒಂದು ಕಪ್ಪು ಮುದ್ದೆ ಉಳಿಯುತ್ತದೆ, ಅಷ್ಟೆ. ಅದಕ್ಕೇ ನಾನು ಸ್ವಲ್ಪ ದೊಡ್ಡದಾಗಿ ಹಾಕಿಸ್ಕೊಳ್ಳಿ ಅಂತ ಒತ್ತಾಯ ಮಾಡುತ್ತೇನೆ. ಗಾಗಾ ಅವರು ತೋಳಿನ ಒಳಮಗ್ಗುಲು ಆರಿಸಿಕೊಂಡದ್ದು ಈ ಲೆಕ್ಕದಲ್ಲಿ ಒಳ್ಳೆಯದೇ, ಅಲ್ಲಿ ಬಿಸಿಲು ಕಡಿಮೆ, ಬಣ್ಣ ಬೇಗ ಮಾಸುವುದಿಲ್ಲ. ನೋವು ಮಾತ್ರ ಸ್ವಲ್ಪ ಜಾಸ್ತಿ.

ಈಗ ಯಾರ ಕೈ ಬರೆದ ಗೆರೆ ಅನ್ನುವ ವಿಷಯಕ್ಕೆ ಬರುತ್ತೇನೆ. ಅವರ ಹಚ್ಚೆಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ತೋಳಿನ ಮೇಲಿರುವ ಒಂದು ತುತ್ತೂರಿ. 2014ರಲ್ಲಿ ಹಾಕಿಸಿಕೊಂಡದ್ದು. ಅದು ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರ ಟ್ರಂಪೆಟ್. ಚಿತ್ರ ಬರೆದುಕೊಟ್ಟವರು ಹಿರಿಯ ಗಾಯಕ ಟೋನಿ ಬೆನೆಟ್. ಬೆನೆಟ್ ಹಾಡುಗಾರರಷ್ಟೇ ಅಲ್ಲ, ಚಿತ್ರ ಬಿಡಿಸುವುದರಲ್ಲೂ ಪಳಗಿದವರು, ತಮ್ಮ ಚಿತ್ರಗಳಿಗೆ ಹುಟ್ಟಿನ ಹೆಸರಾದ ಬೆನೆಡೆಟ್ಟೋ ಅಂತಲೇ ಸಹಿ ಹಾಕುತ್ತಿದ್ದರು. ಇಬ್ಬರ ನಡುವೆ ಸುಮಾರು 60 ವರ್ಷದ ಅಂತರ. ಅದೇ ವರ್ಷ ಇಬ್ಬರೂ ಸೇರಿ ಜಾಝ್ ಹಾಡುಗಳ ಆಲ್ಬಮ್ ತಂದರು. ಆಮೇಲೆ 2016ರಲ್ಲಿ ಬೆನೆಟ್ ಅವರಿಗೆ ಆಲ್ಝೈಮರ್ಸ್ ಅನ್ನುವ ಮರೆವಿನ ಕಾಯಿಲೆ ಇರುವುದು ಗೊತ್ತಾಯಿತು. 2021ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ರೇಡಿಯೋ ಸಿಟಿಯಲ್ಲಿ ಇಬ್ಬರೂ ಕೊನೆಯ ಸಲ ಒಟ್ಟಿಗೆ ಹಾಡಿದರು. 2023ರ ಜುಲೈನಲ್ಲಿ, 96ರ ವಯಸ್ಸಿನಲ್ಲಿ, ಬೆನೆಟ್ ತೀರಿಹೋದರು.

ಟ್ರಂಪೆಟ್ ಚಿತ್ರ ಬೇಕಾದರೆ ಅಂತರ್ಜಾಲದಲ್ಲಿ ಸಾವಿರ ಸಿಗುತ್ತವೆ, ಅದಕ್ಕಿಂತ ಅಚ್ಚುಕಟ್ಟಾದದ್ದನ್ನು ನಾನೇ ಬರೆದುಕೊಡಬಲ್ಲೆ. ಆದರೆ ಗಾಗಾ ಅವರ ತೋಳಿನಲ್ಲಿರುವುದು ಗೆಳೆಯನ ಪೆನ್ನು ಓಡಿದ ದಾರಿ. ಎಲ್ಲಿ ಒತ್ತಿದ್ದಾರೆ, ಎಲ್ಲಿ ಅವಸರ ಮಾಡಿದ್ದಾರೆ ಅನ್ನುವುದೆಲ್ಲ ಅದರಲ್ಲಿ ಇದೆ. ಇಂಥ ಗೆರೆಯನ್ನು ಚರ್ಮಕ್ಕೆ ಇಳಿಸುವಾಗ ನಮ್ಮಂಥವರು ಮಾಡಬೇಕಾದ ದೊಡ್ಡ ಕೆಲಸ ಅಂದರೆ ತಿದ್ದದೆ ಇರುವುದು. ಕೈಗೆ ಅಭ್ಯಾಸ ಆಗಿಬಿಟ್ಟಿರುತ್ತದೆ, ಸೊಟ್ಟ ಕಂಡರೆ ನೇರ ಮಾಡಿಬಿಡೋಣ ಅನ್ನಿಸುತ್ತದೆ. ಮಾಡಬಾರದು.

ಒಬ್ಬ ಹುಡುಗ ಗಾಗಾ ಅವರ ಈ ಟ್ರಂಪೆಟ್ಟನ್ನೇ ಕೇಳಿಕೊಂಡು ಬಂದಿದ್ದ. ಕಥೆ ಪೂರ್ತಿ ಕೇಳಿ ಹಾಗೇ ಎದ್ದುಹೋದ. ಕೆಲವು ದಿನದ ನಂತರ ಅವನ ತಾತನ ಲೆಕ್ಕದ ಪುಸ್ತಕ ಹಿಡಕೊಂಡು ಬಂದ. ಅಂಗಡಿ ಸಾಲದ ಲೆಕ್ಕ, ಹಳದಿಯಾದ ಹಾಳೆ, ನೀಲಿ ಇಂಕು. ಪ್ರತಿ ಪುಟದ ಮೇಲೂ 'ಶ್ರೀ' ಅಂತ ಬರೆದಿದ್ದರು, ಒಂದೇ ಬೀಸಿನಲ್ಲಿ, ಒತ್ತಿನ ಬಾಲ ಕೆಳಗಿನ ಸಾಲಿನವರೆಗೂ ಎಳೆದು. ಯಾವ ಪುಟದ ಶ್ರೀ ಅಂತ ನಾವಿಬ್ಬರೂ ಬಹಳ ಹೊತ್ತು ಹುಡುಕಿದೆವು. ಒಂದು ಪುಟದಲ್ಲಿ ಪೆನ್ನು ಕಚ್ಚಿ ಗೆರೆ ಎರಡಾಗಿತ್ತು. ಅದನ್ನೇ ಹಾಕಿ ಅಂದ. ಆ ಸೀಳು ಗೆರೆಯನ್ನು ಹಾಗೇ ಇಳಿಸುವುದಕ್ಕೆ ಉಳಿದ ಅಕ್ಷರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ನಾನು ಹಾಕಿದ ಹಚ್ಚೆಗಳಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಅದು.

ಹೊತ್ತಿನ ವಿಷಯದಲ್ಲಿ ನನ್ನದೊಂದು ನಿಯಮ ಇದೆ. ಮನೆಯಲ್ಲಿ ಸಾವಾದ ತಕ್ಷಣ ಬರುವವರಿಗೆ ಕೆಲವು ತಿಂಗಳು ಕಾಯಿರಿ ಅನ್ನುತ್ತೇನೆ. ದುಃಖದ ಬಿಸಿಯಲ್ಲಿ ಆರಿಸಿದ ಚಿತ್ರ ಆಮೇಲೆ ಬೇರೆಯೇ ಆಗಿ ಕಾಣಬಹುದು. ಗಾಗಾ ಅವರು ಕಾಯಲಿಲ್ಲ. ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವಿ 2016ರ ಜನವರಿ 10ರಂದು ತೀರಿಕೊಂಡರು. ಫೆಬ್ರವರಿಯಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಬೋವಿ ನೆನಪಿಗೆ ಹಾಡುವ ಮುಂಚೆಯೇ ಗಾಗಾ ಅವರ ಎಡ ಪಕ್ಕೆಯ ಮೇಲೆ ಬೋವಿ ಮುಖ ಬಂದಿತ್ತು, ಮುಖದ ಮೇಲೆ ಮಿಂಚಿನ ಬಣ್ಣ ಬಳಿದುಕೊಂಡ 1973ರ ಆ ಹೆಸರಾದ ಮುಖ. ಹಾಕಿದವರು ಲಾಸ್ ಏಂಜಲೀಸ್‌ನ ಮಾರ್ಕ್ ಮಹೋನಿ. ಕಪ್ಪು-ಬೂದು ಬಣ್ಣದ ನವಿರು ಗೆರೆಗೆ ನಮ್ಮ ವೃತ್ತಿಯಲ್ಲಿ ದೊಡ್ಡ ಹೆಸರು ಅವರದು. ಪಕ್ಕೆ ಮೇಲೆ ಮುಖ ಹಾಕುವುದು ಹುಡುಗಾಟವಲ್ಲ. ಉಸಿರಾಡಿದ ಹಾಗೆಲ್ಲ ಚರ್ಮ ಏರುತ್ತದೆ, ಇಳಿಯುತ್ತದೆ, ಉಸಿರು ನೋಡಿಕೊಂಡೇ ಗೆರೆ ಎಳೆಯಬೇಕು. ಕೆಳಗೆ ಮೂಳೆ, ಹಾಕಿಸಿಕೊಳ್ಳುವವರಿಗೆ ಪ್ರಾಣ ಹೋದಂತಾಗುತ್ತದೆ. ಹಾಗಾದರೆ ಅವರು ಅವಸರ ಮಾಡಿದರಾ? ನನಗೆ ಹಾಗನ್ನಿಸುವುದಿಲ್ಲ. ಆ ಮುಖ ಅವರ ಜೊತೆ ಮುಂಚಿನಿಂದಲೂ ಇತ್ತು. 2008ರ ಹೊತ್ತಿನ ಅವರ ವಿಡಿಯೋದಲ್ಲೇ ಮುಖದ ಮೇಲೆ ಮಿಂಚಿನ ಗುರುತು ಇದೆ. ಸಾವು ಹೊಸದು, ನಂಟು ಹಳೆಯದು. ನನ್ನ ನಿಯಮ ಇರುವುದು ಹೊಸ ನಂಟಿಗೆ.

ಅದೇ 2016ರ ಫೆಬ್ರವರಿ ಕೊನೆಗೆ ಆಸ್ಕರ್ ವೇದಿಕೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಸುಮಾರು 50 ಮಂದಿ ಗಾಗಾ ಅವರ ಹಾಡಿನ ಕೊನೆಗೆ ಬಂದು ನಿಂತರು. ತಮಗೂ 19ರ ವಯಸ್ಸಿನಲ್ಲಿ ಅಂಥದ್ದೇ ಆಗಿತ್ತು ಅಂತ ಗಾಗಾ 2014ರಲ್ಲಿ ಬಾಯಿಬಿಟ್ಟು ಹೇಳಿದ್ದರು. ಆಮೇಲೆ ವೇದಿಕೆಗೆ ಬಂದವರಲ್ಲಿ ಹಲವರು ಮತ್ತು ಗಾಗಾ ಒಂದೇ ಗುರುತನ್ನು ಹಾಕಿಸಿಕೊಂಡರು, ಬೆಂಕಿಯ ಗುಲಾಬಿ. ಇದನ್ನು ಯಾರಾದರೂ ಫ್ಯಾಷನ್ನಿಗೆ ಕೇಳಿದರೆ ನಾನು ಹಾಕುವುದಿಲ್ಲ. ಅದು ಆ ಗುಂಪಿನವರದು. ಅಂಥ ನೋವನ್ನೇ ಉಂಡವರು ಬಂದು ಕೇಳಿದರೆ ಒಂದು ಪ್ರಶ್ನೆಯನ್ನೂ ಕೇಳದೆ ಹಾಕುತ್ತೇನೆ.

ಎಲ್ಲದರಲ್ಲೂ ಇಷ್ಟು ಆಳ ಇದೆ ಅಂತಲ್ಲ. 2012ರಲ್ಲಿ ಮುಂದಿನ ಆಲ್ಬಮ್ಮಿನ ಹೆಸರನ್ನು ಕೈಗೆ ಹಾಕಿಸಿಕೊಂಡೇ ಅದನ್ನು ಜಗತ್ತಿಗೆ ಸಾರಿದರು. ಅದು ಪ್ರಚಾರ, ತಪ್ಪೇನಿಲ್ಲ. ಮಣಿಕಟ್ಟಿನ ಶಾಂತಿ ಚಿಹ್ನೆ ಬೀಟಲ್ಸ್ ಗಾಯಕ ಜಾನ್ ಲೆನನ್ ನೆನಪಿಗೆ. ತೋಳಿನ ಮೇಲಿನ 'ಲಿಟ್ಲ್ ಮಾನ್‌ಸ್ಟರ್ಸ್' ಅಭಿಮಾನಿಗಳಿಗೆ, ಅವರನ್ನು ಗಾಗಾ ಕರೆಯುವುದೇ ಹಾಗೆ.

ಒಂದು ಮಾತ್ರ ಕೆಲಸದ ದೃಷ್ಟಿಯಿಂದ ಹೇಳಲೇಬೇಕು. 2019ರಲ್ಲಿ ತೋಳಿನ ಮೇಲೆ ಜಿ, ಎ, ಜಿ, ಎ ಅನ್ನುವ ನಾಲ್ಕು ಸ್ವರಗಳನ್ನು ಪಾಶ್ಚಾತ್ಯ ಸಂಗೀತದ ಸ್ವರಲಿಪಿಯಲ್ಲಿ ಹಾಕಿಸಿಕೊಂಡರು. ಸ್ವರಲಿಪಿಗೆ ಐದು ಗೆರೆ ಬೇಕು. ಹಾಕಿದ್ದು ನಾಲ್ಕು. ಸಂಗೀತವೇ ಬದುಕಾದವರ ತೋಳಿನಲ್ಲಿ! ಆಮೇಲೆ ಐದನೇ ಗೆರೆ ಸೇರಿಸಿ ಸರಿ ಮಾಡಿದರು. ಅದೃಷ್ಟಕ್ಕೆ ಅಲ್ಲಿ ಸೇರಿಸಿದರೆ ಸಾಕಿತ್ತು. ಒಂದು ಗೆರೆ ಹೆಚ್ಚಾಗಿದ್ದರೆ ಲೇಸರ್ ಬೇಕಾಗುತ್ತಿತ್ತು. ಲೇಸರ್ ಅಂದರೆ ಹಲವು ಸಿಟ್ಟಿಂಗ್, ನಡುವೆ ವಾರಗಟ್ಟಲೆ ಕಾಯುವುದು, ಕಪ್ಪು ಬೇಗ ಹೋಗುತ್ತದೆ, ಹಸಿರು ಹಳದಿ ಹಟ ಹಿಡಿಯುತ್ತವೆ. ಅದಕ್ಕೇ ಸ್ಟೆನ್ಸಿಲ್ ಹಚ್ಚಿದ ಮೇಲೆ ನಾನು ಗಿರಾಕಿಯೊಬ್ಬರನ್ನೇ ನಂಬುವುದಿಲ್ಲ. ಜೊತೆಗೆ ಬಂದವರು ಗಟ್ಟಿಯಾಗಿ ಓದಬೇಕು. ಕನ್ನಡಿಯಲ್ಲಿ ನೋಡಿ ಹೂಂ ಅನ್ನಬೇಡಿ, ಅಲ್ಲಿ ಅಕ್ಷರ ತಿರುಗಿರುತ್ತದೆ. ಬೇರೆಯವರಿಂದ ಫೋಟೋ ತೆಗೆಸಿ ನೋಡಿ.

ಹಳ್ಳಿಯಲ್ಲಿ ಮುಂಗೈ ತುಂಬ ಹಸಿರು ಹಚ್ಚೆ ಇರುವ ಅಜ್ಜಿಯರನ್ನು ಕೇಳಿ ನೋಡಿ. ಆ ಚುಕ್ಕಿಗಳಿಗೆ, ಆ ಚೇಳಿಗೆ ಏನರ್ಥ ಅಂತ ಕೇಳಿದರೆ ಅವರು ಅರ್ಥ ಹೇಳುವುದಿಲ್ಲ. ಯಾವ ಜಾತ್ರೆಯಲ್ಲಿ ಹಾಕಿಸಿಕೊಂಡದ್ದು, ಕೈ ಹಿಡಿದು ಕೂತವರು ಯಾರು, ಆಗ ಮದುವೆ ಆಗಿತ್ತಾ ಇಲ್ಲವಾ, ಎಷ್ಟು ಅತ್ತಿದ್ದರು ಅನ್ನುವುದನ್ನು ಹೇಳುತ್ತಾರೆ.

ಹಾಗಾಗಿ ನನ್ನ ಹತ್ತಿರ ಬರುವಾಗ ಗಾಗಾ ಅವರ ಫೋಟೋ ಇರಲಿ, ಅದರ ಜೊತೆ ಮನೆಯದೊಂದು ಹಾಳೆಯೂ ಇರಲಿ. ಹಳೇ ಕಾಗದ, ಅಡುಗೆ ಬರೆದಿಟ್ಟ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ಕಿನ ಸಹಿ, ಯಾವುದಾದರೂ ಆದೀತು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಬೇಡಿ, ಗೆರೆಯ ಅಂಚು ಒಡೆದುಹೋಗುತ್ತದೆ. ಸ್ಕ್ಯಾನ್ ಮಾಡಿಸಿ ತನ್ನಿ, ಆಗದಿದ್ದರೆ ಹಾಳೆಯನ್ನೇ ತನ್ನಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಮೇಲಿನ ಹೊಳಪಿಗೆ ಪೆನ್ನು ಎಲ್ಲಿ ಒತ್ತಿದೆ ಅನ್ನುವುದು ಕಾಣುವುದಿಲ್ಲ, ನನಗೆ ಬೇಕಾದದ್ದು ಅದೇ.