ಒಂದ್ಸಲ ಹಾಕಿದ್ವಿ, ಮಕ್ಕಳು ತಿನ್ನಲಿಲ್ಲ

"ಮೇಡಂ, ನವಿಲುಕೋಸು ಒಂದ್ಸಲ ಮಾಡಿ ಹಾಕಿದ್ವಿ. ಮಕ್ಕಳು ಮುಟ್ಟಲೇ ಇಲ್ಲ. ಇನ್ನು ಶಾಲೆಯಲ್ಲಿ ಈ ಕೈತೋಟ ಯಾಕೆ?" ಕೊಡಗಿನ ಸೋಮವಾರಪೇಟೆ ಕಡೆ ಹೋದರೂ ಟೀಚರುಗಳದ್ದು ಇದೇ ಮಾತು, ಪೊನ್ನಂಪೇಟೆ ಕಡೆ ಹೋದರೂ ಇದೇ ಮಾತು. ಆಹಾರ ತಜ್ಞೆ ಅಂತ ಶಾಲೆಗಳಿಗೆ ಹೋಗುವ ನನಗೆ ಕೇಳಿ ಕೇಳಿ ಸಾಕಾಗಿದೆ. ಒಂದ್ಸಲ!

ಹೊಸ ತರಕಾರಿಯ ರುಚಿ ಒಪ್ಪಿಗೆಯಾಗಲು ಹೆಚ್ಚಿನ ಮಕ್ಕಳಿಗೆ 8ರಿಂದ 15 ಸಲವಾದರೂ ಅದು ನಾಲಿಗೆಗೆ ತಾಗಬೇಕು. ತಟ್ಟೆ ತುಂಬ ಬೇಡ, ಬಟಾಣಿ ಗಾತ್ರದ ಚೂರು ಸಾಕು. ಬಾಯಿಗೆ ಹಾಕಿ ಉಗಿದರೂ ಲೆಕ್ಕಕ್ಕೆ ಬರುತ್ತದೆ. ಕಹಿ ಕಂಡರೆ ಮುಖ ಕಿವುಚುವುದು ಹಠವಲ್ಲ, ಹುಟ್ಟಿನಿಂದ ಬಂದದ್ದು. ಹೊಸ ತಿಂಡಿಯ ಅನುಮಾನ ಎರಡರಿಂದ ಆರು ವರ್ಷದ ಒಳಗೆ ಜಾಸ್ತಿ. ಒಂದನೇ ಕ್ಲಾಸಿನ ಮಕ್ಕಳು ಅದರಿಂದ ಈಗಷ್ಟೇ ಹೊರಗೆ ಬರುತ್ತಿರುತ್ತಾರೆ. ಆದ್ದರಿಂದ ಮೂರನೇ ಸಲ ಬೇಡ ಅಂದರೆ ಅದು ಮೂರನೇ ಸಲ, ಅಷ್ಟೇ. ಬೈಯಬೇಡಿ. "ತಿಂದರೆ ಚಾಕಲೇಟ್ ಕೊಡ್ತೀನಿ" ಅಂತಲೂ ಹೇಳಬೇಡಿ. ತರಕಾರಿ ತಿನ್ನುವುದು ಶಿಕ್ಷೆ, ಚಾಕಲೇಟ್ ಬಹುಮಾನ ಅಂತ ನೀವೇ ಕಲಿಸಿದ ಹಾಗಾಗುತ್ತದೆ. ವಿಟಮಿನ್ ಪಾಠ ಪರೀಕ್ಷೆಗೆ ಆಯಿತು, ಬಾಯಿಗೆ ಆಗಲ್ಲ.

ಇಷ್ಟೊಂದು ಸಲ ತಾಗಿಸುವುದು ಹೇಗೆ? ಕೈತೋಟ ಇರುವುದೇ ಅದಕ್ಕೆ. ಕಳೆ ಕೀಳುತ್ತಾ ಒಂದು ಎಳೆ ಬೆಂಡೆ, ನೀರು ಹಾಕುತ್ತಾ ತೊಳೆದ ಮೂಲಂಗಿಯ ಒಂದು ತುಂಡು. ಆದರೆ ಎಷ್ಟೋ ಶಾಲೆಗಳಲ್ಲಿ ತಂತಿ ಬೇಲಿ, ಮೇಲೊಂದು ಬೋರ್ಡು: "ಕಾಯಿ ಕೀಳಬಾರದು." ಸಾಹೇಬರು ಬಂದಾಗ ಫೋಟೋ. ಆಮೇಲೆ ಆ ಬದನೆ ಯಾರ ಮನೆಗೆ ಹೋಯಿತು ಅಂತ ನಾನು ಕೇಳಲ್ಲ.

ವಿರಾಜಪೇಟೆ ಕಡೆಯ ಒಂದು ಶಾಲೆಯಲ್ಲಿ ಟೀಚರು ಕಳೆ ಅಂತ ಎಳೆಯುತ್ತಿದ್ದದ್ದು ಒಂದೆಲಗ. ಆದಿವಾಸಿಗಳ ಹಾಡಿಯಿಂದ ಬರುವ ಹುಡುಗಿಯೊಬ್ಬಳು "ಅದು ಸೊಪ್ಪು ಮಿಸ್" ಅಂತ ಕೈ ಹಿಡಿದು ನಿಲ್ಲಿಸಿದಳು. ಒಂದೆಲೆ ತೊಳೆದು ತಿಂದೂ ತೋರಿಸಿದಳು. ಕ್ಲಾಸಲ್ಲಿ ಬಾಯಿಬಿಡದ ಮಗು ಅದು. ಅವಳು ತಿಂದದ್ದು ನೋಡಿ ಪಕ್ಕದವನೂ ತಿಂದ, ಅವನನ್ನು ನೋಡಿ ಇನ್ನಿಬ್ಬರು. ಜೊತೆಯ ಮಕ್ಕಳು ತಿಂದರೆ ಮಕ್ಕಳು ತಿನ್ನುತ್ತಾರೆ, ನಮ್ಮ ಭಾಷಣಕ್ಕೆ ಆ ಶಕ್ತಿಯಿಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಮಾಡುವ ಮದ್ದುಸೊಪ್ಪಿನ ಪಾಯಸ ಕುಡಿಯಲ್ಲ ಅನ್ನುವ ಮಗುವನ್ನು ನಾನಂತೂ ಕಾಣೆ. ಕುಡಿದ ಮೇಲೆ ಮೂತ್ರದ ಬಣ್ಣ ಬದಲಾಗುವುದನ್ನು ನೋಡುವ ಸಂಭ್ರಮ ಬೇರೆ! ಆ ಪಾಯಸದಲ್ಲಿ ಬೆಲ್ಲ ಇರುತ್ತದೆ ಅನ್ನುವುದೂ ನಿಜ, ಒಪ್ಪಿಕೊಳ್ಳೋಣ.

ಒಂದು ಎಚ್ಚರಿಕೆ. ಕೈತೋಟದ ಸೊಪ್ಪು ರಕ್ತಹೀನತೆಗೆ ಔಷಧಿಯಲ್ಲ. ಶಾಲೆಯಲ್ಲಿ ಕೊಡುವ ಐರನ್ ಮಾತ್ರೆ ಅದರ ನೆಪದಲ್ಲಿ ನಿಲ್ಲಿಸಬೇಡಿ. ಯಾವುದನ್ನೂ ನುಂಗಲು ಕಷ್ಟಪಡುವ, ತೂಕ ಏರದ ಮಗುವನ್ನು ಡಾಕ್ಟರಿಗೆ ತೋರಿಸಿ.

ಏನು ಬೆಳೆಯಬೇಕು ಅನ್ನುವುದು ನಿಮಗೇ ಗೊತ್ತು. ಜೂನ್ ಮಳೆಗೆ ಟೊಮೆಟೊ ಸಸಿ ನೆಟ್ಟು ಕೊಳೆಸಬೇಡಿ, ಅಷ್ಟೇ. ಮಳೆ ಇಳಿದು ದಸರಾ ರಜೆ ಮುಗಿದ ಮೇಲೆ ಹರಿವೆ, ಮೂಲಂಗಿ ಹಾಕಿ. ಹರಿವೆ ಒಂದು ತಿಂಗಳಲ್ಲಿ ಕೈಗೆ ಬರುತ್ತದೆ, ಮಕ್ಕಳ ತಾಳ್ಮೆಯೂ ಅಷ್ಟೇ ಇರುವುದು.

ಬಂದ ಎರಡು ಕಟ್ಟು ಸೊಪ್ಪನ್ನು ದೊಡ್ಡ ಪಾತ್ರೆಯ ಸಾಂಬಾರಿಗೆ ಸುರಿದರೆ ಯಾರ ತಟ್ಟೆಗೂ ಕಾಣಲ್ಲ. ಬೇರೆಯಾಗಿ ಕಾಯಿತುರಿ ಹಾಕಿ ಪಲ್ಯ ಮಾಡಿಸಿ, ತಲೆಗೆ ಒಂದೇ ಚಮಚ ಬಡಿಸಿ. ಬಿಸಿಯೂಟದ ಅಕ್ಕನಿಗೆ ಮಾತ್ರ ಹಿಂದಿನ ದಿನವೇ ಹೇಳಿಡಿ. ಬೇಳೆ ಒಲೆ ಮೇಲೆ ಕೂತ ಮೇಲೆ ಮಣ್ಣು ಮೆತ್ತಿದ ಸೊಪ್ಪು ತಂದು ಮುಂದಿಟ್ಟರೆ ಯಾರಿಗಾದರೂ ಸಿಟ್ಟು ಬರುತ್ತೆ ಅಲ್ವಾ?