ಡಿಸಿಇ ಯಾವುದೆಂದು ಹೇಳುವುದು ಕೇಬಲ್, ರೂಟರ್ ಅಲ್ಲ

ಸಿಸಿಎನ್‌ಎ (ಸಿಸ್ಕೋದ ನೆಟ್‌ವರ್ಕಿಂಗ್ ಪರೀಕ್ಷೆ) ಅಭ್ಯಾಸಕ್ಕೆಂದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೆಯ ಸಿಸ್ಕೋ ರೂಟರ್‌ಗಳನ್ನು ಕೊಂಡವರ ದೂರು ಸಾಮಾನ್ಯವಾಗಿ ಒಂದೇ: "ಸರ್, ಸೀರಿಯಲ್ ಕೇಬಲ್ ಹಾಕಿದೀವಿ, ಐಪಿ ಕೊಟ್ಟಿದೀವಿ, ನೋ ಶಟ್‌ಡೌನ್ ಕೂಡ ಆಯ್ತು. ಪಿಂಗ್ ಹೋಗ್ತಿಲ್ಲ." ನೋಡಿದರೆ ಕ್ಲಾಕ್ ರೇಟ್ (ಲಿಂಕಿನ ವೇಗ ನಿಗದಿಮಾಡುವ ಕಮಾಂಡ್) ಕೊಟ್ಟೇ ಇರುವುದಿಲ್ಲ, ಕೊಟ್ಟಿದ್ದರೂ ತಪ್ಪು ರೂಟರಿಗೆ ಕೊಟ್ಟಿರುತ್ತಾರೆ. ಪುಸ್ತಕದ ಚಿತ್ರದಲ್ಲಿ ಆರ್1 ಎಂಬ ರೂಟರ್ ಡಿಸಿಇ (ಕ್ಲಾಕ್ ಕೊಡುವ ಕಡೆ) ಆಗಿತ್ತು, ಅದಕ್ಕೇ ಇಲ್ಲೂ ಆರ್1!

ದಯವಿಟ್ಟು ಇದೊಂದನ್ನು ಮನಸ್ಸಿಟ್ಟು ಓದಿ. ಸಿಂಕ್ರೊನಸ್ ಸೀರಿಯಲ್ ಲಿಂಕಿನಲ್ಲಿ ದತ್ತಾಂಶಕ್ಕೆ ಬೇರೆ ತಂತಿ, ಕ್ಲಾಕಿಗೆ ಬೇರೆ ತಂತಿ. ಲೀಸ್ಡ್ ಲೈನ್ (ಬಾಡಿಗೆಗೆ ಪಡೆದ ಮೀಸಲು ಲೈನ್) ಇದ್ದ ಕಡೆ ಆ ಕ್ಲಾಕ್ ಮೋಡೆಮ್‌ನಿಂದ ಬರುತ್ತಿತ್ತು, ರೂಟರ್ ಅದನ್ನು ಅನುಸರಿಸುವ ಡಿಟಿಇ ಆಗಿರುತ್ತಿತ್ತು. ನಿಮ್ಮ ಮೇಜಿನ ಮೇಲೆ ಮೋಡೆಮ್ ಇಲ್ಲ. ಹಾಗಾಗಿ ಆ ಕೆಲಸವನ್ನು ಒಂದು ರೂಟರ್ ವಹಿಸಿಕೊಳ್ಳಬೇಕು. ಯಾವುದು ಎಂಬುದನ್ನು ರೂಟರಿನ ಮಾಡೆಲ್ ಆಗಲಿ, ನೀವು ಟೈಪ್ ಮಾಡುವ ಕಮಾಂಡ್ ಆಗಲಿ ನಿರ್ಧರಿಸುವುದಿಲ್ಲ. ಕೇಬಲ್ಲಿನ ಡಿಸಿಇ ತುದಿ ಯಾವುದರಲ್ಲಿದೆಯೋ ಅದೇ ಡಿಸಿಇ. ಕೇಬಲ್ ತಿರುಗಿಸಿ ಹಾಕಿದರೆ ಪಾತ್ರವೂ ತಿರುಗುತ್ತದೆ.

ತುದಿಯಲ್ಲಿ ಚೀಟಿ ಅಂಟಿಸಿರುತ್ತಾರೆ, ಹಳೆಯ ಕೇಬಲ್ಲಿನಲ್ಲಿ ಅದು ಉದುರಿಹೋಗಿರಬಹುದು. ಊಹಿಸಬೇಡಿ. ಎರಡೂ ರೂಟರುಗಳಲ್ಲಿ 'ಶೋ ಕಂಟ್ರೋಲರ್ಸ್ ಸೀರಿಯಲ್ 0/0' ಕೊಟ್ಟು (2500 ಸರಣಿಯಲ್ಲಾದರೆ ಬರೀ 'ಸೀರಿಯಲ್ 0') ಮೇಲಿನ ಕೆಲವು ಸಾಲು ಓದಿ. 'ಡಿಸಿಇ ವಿ.35' (ವಿ.35 ಎಂಬುದು ಕೇಬಲ್ಲಿನ ಬಗೆ) ಎಂದು ಬಂದ ಕಡೆ ಇಂಟರ್‌ಫೇಸ್ ಒಳಗೆ ಹೋಗಿ 'ಕ್ಲಾಕ್ ರೇಟ್ 64000' ಕೊಡಿ. ಇನ್ನೊಂದು ಕಡೆ ಏನೂ ಬೇಡ. ಕೊಡಲು ಹೋದರೆ ಇದು ಡಿಸಿಇಗೆ ಮಾತ್ರ ಎಂದು ಅದೇ ಗದರಿಸುತ್ತದೆ. 'ಬ್ಯಾಂಡ್‌ವಿಡ್ತ್ 64' ಕೊಟ್ಟು ವೇಗ ನಿಗದಿಯಾಯಿತು ಎಂದುಕೊಳ್ಳುವವರೂ ಇದ್ದಾರೆ. ಅದು ದಾರಿ ಆರಿಸುವ ರೂಟಿಂಗ್ ಪ್ರೋಟೋಕಾಲ್‌ಗಳಾದ ಓಎಸ್‌ಪಿಎಫ್, ಇಐಜಿಆರ್‌ಪಿಗಳ ಲೆಕ್ಕಾಚಾರಕ್ಕೆ ಕೊಡುವ ಮಾಹಿತಿ, ಕಿಲೋಬಿಟ್‌ಗಳಲ್ಲಿ. ತಂತಿಯ ವೇಗ ಅದರಿಂದ ಬದಲಾಗದು. ಹೊಸ ಐಓಎಸ್‌ಗಳಲ್ಲಿ (ಸಿಸ್ಕೋ ರೂಟರಿನ ತಂತ್ರಾಂಶ) ಕ್ಲಾಕ್ ರೇಟ್ ತಾನಾಗಿಯೇ ಇರಬಹುದು, ಆದರೂ ಒಮ್ಮೆ ನೋಡಿಕೊಳ್ಳಿ.

ಕೇಬಲ್ ಕೊಳ್ಳುವ ಮುನ್ನ ಪೋರ್ಟ್ ನೋಡಿ. 2501 ರೂಟರಿನಲ್ಲೂ, ರೂಟರಿಗೆ ಸೇರಿಸುವ ಡಬ್ಲ್ಯುಐಸಿ-1ಟಿ ಸೀರಿಯಲ್ ಕಾರ್ಡಿನಲ್ಲೂ ಇರುವುದು 60 ಪಿನ್ನಿನ ಅಗಲವಾದ ಡಿಬಿ-60. ಡಬ್ಲ್ಯುಐಸಿ-2ಟಿಯಲ್ಲಿ 26 ಪಿನ್ನಿನ ಸಣ್ಣ ಸ್ಮಾರ್ಟ್ ಸೀರಿಯಲ್. ಈ ಸಣ್ಣದನ್ನು ತಲೆಕೆಳಗಾಗಿಯೂ ಒತ್ತಿ ಕೂರಿಸಿಬಿಡಬಹುದು, ಆಮೇಲೆ ಪಿನ್ನು ಹಾಳು. ಪವರ್ ಆಫ್ ಮಾಡಿ, ಆಕಾರ ನೋಡಿ, ನೇರವಾಗಿ ಹಾಕಿ ಸ್ಕ್ರೂ ಬಿಗಿಮಾಡಿ.

ಇನ್ನೂ ಲಿಂಕ್ ಏಳದಿದ್ದರೆ 'ಶೋ ಇಂಟರ್‌ಫೇಸಸ್' ಹೇಳುವುದನ್ನು ನಂಬಿ. 'ಅಪ್, ಲೈನ್ ಪ್ರೋಟೋಕಾಲ್ ಡೌನ್' ಎಂದರೆ ಕ್ಲಾಕ್ ಇಲ್ಲ, ಇಲ್ಲವೇ ದತ್ತಾಂಶ ಕಟ್ಟಿ ಕಳಿಸುವ ವಿಧಾನ ಹೊಂದುತ್ತಿಲ್ಲ: ಒಂದು ಕಡೆ ಎಚ್‌ಡಿಎಲ್‌ಸಿ, ಇನ್ನೊಂದು ಕಡೆ ಪಿಪಿಪಿ. ಎರಡೂ ಡೌನ್ ಆಗಿದ್ದರೆ ಬಹುಶಃ ಕೇಬಲ್ ಸಡಿಲವಾಗಿದೆ ಅಥವಾ ಆಚೆಯ ಇಂಟರ್‌ಫೇಸ್ ಶಟ್‌ಡೌನ್ ಆಗಿದೆ. ಎರಡೂ ಅಪ್ ಆಗಿದ್ದು ಪಿಂಗ್ ಮಾತ್ರ ಹೋಗದಿದ್ದರೆ ಐಪಿ ನೋಡಿ: 10.0.0.1, 10.0.0.2, ಎರಡಕ್ಕೂ ಮಾಸ್ಕ್ 255.255.255.252.

ಸೀರಿಯಲ್ ಬೇಡ, ಫಾಸ್ಟ್ ಈಥರ್ನೆಟ್ ಸಾಕು ಎನ್ನುವವರಿಗೆ ಕ್ರಾಸ್ ಕೇಬಲ್ ಬೇಕು: ತಂತಿ ಜೋಡಿಸುವ ಕ್ರಮ ಒಂದು ತುದಿಯಲ್ಲಿ ಟಿ568ಎ, ಇನ್ನೊಂದರಲ್ಲಿ ಟಿ568ಬಿ. ಅಂದರೆ 1 ಹೋಗಿ 3ಕ್ಕೆ, 2 ಹೋಗಿ 6ಕ್ಕೆ. ಇಂದಿನ ಸ್ವಿಚ್‌ಗಳಂತೆ ಈ ಹಳೆಯ ಪೋರ್ಟುಗಳು ತಾವೇ ಹೊಂದಿಸಿಕೊಳ್ಳುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ಕನ್ಸೋಲಿನ ಚಪ್ಪಟೆ ನೀಲಿ ಕೇಬಲ್ ಅದೇ ಆರ್‌ಜೆ-45 ಪೋರ್ಟಿಗೆ ಸಲೀಸಾಗಿ ಕೂರುತ್ತದೆ, ಆದರೆ ಲಿಂಕ್ ದೀಪ ಮಾತ್ರ ಹತ್ತುವುದಿಲ್ಲ.